‘ಕಾರ್ಟೂನ್ ಪಿಕ್ಚರಿಗೆ ಜನ ಬರೂದಿಲ್ರಿ’ ಅಂದವರಿಗೆ: ಅವಳಿ ನಗರದ ಚಿತ್ರಮಂದಿರಗಳಿಗೊಂದು ಬಹಿರಂಗ ಪತ್ರ

ಹುಬ್ಬಳ್ಳಿ-ಧಾರವಾಡದ ಚಿತ್ರಮಂದಿರ ಹಾಗೂ ಮಲ್ಟಿಪ್ಲೆಕ್ಸ್‌ಗಳ ಮಾಲೀಕರು, ವ್ಯವಸ್ಥಾಪಕರು ಮತ್ತು ಈ ಭಾಗಕ್ಕೆ ಸಿನಿಮಾ ತರುವ ಹಂಚಿಕೆದಾರರಿಗೆ,

ವಿಷಯ: ಅನಿಮೇಷನ್ ಚಿತ್ರಗಳ ಆಟದ ಹೊತ್ತು ಮತ್ತು ಭಾಷೆಯ ಕುರಿತು.

ಮಾನ್ಯರೇ,

ನಮಸ್ಕಾರ. ನಾನು ಗದಗಿನಲ್ಲಿ ಹುಟ್ಟಿ ಬೆಳೆದು, ಹದಿನೇಳು ವರ್ಷದಿಂದ ಹುಬ್ಬಳ್ಳಿಯಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡಿರುವ ಹೆಣ್ಣುಮಗಳು. ಮದುವೆ ಪತ್ರಿಕೆ, ಶಾಲೆಯ ವಾರ್ಷಿಕ ವರದಿ, ಜಾತ್ರೆಯ ಕರಪತ್ರ, ಆಗೊಮ್ಮೆ ಈಗೊಮ್ಮೆ ಒಂದು ಕವನ ಸಂಕಲನ, ಹೀಗೆ ದಿನವಿಡೀ ಕನ್ನಡ ಅಕ್ಷರಗಳ ಜೊತೆಗೇ ನನ್ನ ಬದುಕು. ಇಲ್ಲಿಯವರೆಗೆ ಬೇರೆಯವರ ಅರ್ಜಿ, ಮನವಿಗಳನ್ನು ಟೈಪ್ ಮಾಡಿಕೊಟ್ಟಿದ್ದೇನೆ. ನನ್ನದೇ ಒಂದು ಮನವಿಯನ್ನು ಊರ ಮುಂದೆ ಇಡುತ್ತಿರುವುದು ಇದೇ ಮೊದಲು. ಜೂನ್ ತಿಂಗಳ ಒಂದು ಭಾನುವಾರ ನಿಮ್ಮಲ್ಲೊಬ್ಬರ ಟಿಕೆಟ್ ಕಿಟಕಿಯಲ್ಲಿ ಕೇಳಿದ ಒಂದು ಮಾತು ಮನಸ್ಸಿನಿಂದ ಹೋಗಲೊಲ್ಲದು, ಅದಕ್ಕೇ ಈ ಪತ್ರ.

ಆ ವಾರ ಒಂದು ಅನಿಮೇಷನ್ ಚಿತ್ರ ಬಿಡುಗಡೆಯಾಗಿತ್ತು. ನನ್ನ ಅಣ್ಣನ ಮಗಳಿಗೆ ಎಂಟು ವರ್ಷ, ಹದಿನೈದು ದಿನದಿಂದ ಕಾಯುತ್ತಿದ್ದಳು. ಅವಳಷ್ಟೇ ನಾನೂ ಕಾಯುತ್ತಿದ್ದೆ. ಇಡೀ ಅವಳಿ ನಗರದಲ್ಲಿ ಅದಕ್ಕೆ ಸಿಕ್ಕಿದ್ದು ದಿನಕ್ಕೊಂದೇ ಆಟ, ಬೆಳಿಗ್ಗೆ 10 ಗಂಟೆ 10 ನಿಮಿಷಕ್ಕೆ. ಸೋಮವಾರದಿಂದ ಶುಕ್ರವಾರದವರೆಗೆ ಆ ಹೊತ್ತಿಗೆ ಮಕ್ಕಳು ಪ್ರಾರ್ಥನೆ ಮುಗಿಸಿ ತರಗತಿಯಲ್ಲಿ ಕೂತಿರುತ್ತಾರೆ. ಶನಿವಾರ ಮುಂಜಾನೆ ಸಾಲಿ. ಉಳಿದದ್ದು ಭಾನುವಾರ ಒಂದೇ. ಗದಗಿನಿಂದ ಅವ್ವ ಹಿಂದಿನ ಸಂಜೆಯೇ ಬಂದಿದ್ದಳು. ಎಪ್ಪತ್ತೊಂದು ವರ್ಷದ ಆಕೆ ಟ್ರಂಕಿನಿಂದ ಇಳಕಲ್ ಸೀರೆ ತೆಗೆಸಿ ಉಟ್ಟು, ಮೊಮ್ಮಗಳ ಕೈ ಹಿಡಿದು, ಎಸ್ಕಲೇಟರ್ ಒಲ್ಲೆ ಅಂತ ಮೂರು ಮಹಡಿ ಮೆಟ್ಟಿಲು ಹತ್ತಿ ಬಂದಳು.

ಕಿಟಕಿಯಲ್ಲಿದ್ದ ಹುಡುಗ ಫೋನಿನಲ್ಲಿದ್ದ ನಮ್ಮ ಟಿಕೆಟ್ ನೋಡಿ ಹೇಳಿದ: “ಶೋ ಕ್ಯಾನ್ಸಲ್ ಆಗೈತ್ರಿ ಮೇಡಂ. ಏಳ ಟಿಕೆಟ್ ಹೋಗ್ಯಾವು. ರೊಕ್ಕ ವಾಪಸ್ ಬರ್ತೈತಿ.” ಯಾಕಪ್ಪಾ ಎಂದೆ. “ಕಾರ್ಟೂನ್ ಪಿಕ್ಚರಿಗೆ ಇಲ್ಲಿ ಜನ ಬರೂದಿಲ್ರಿ” ಅಂದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಮರ್ಯಾದೆಯಿಂದಲೇ ಹೇಳಿದ, ಹೇಳುವಾಗ ಅವನ ಮುಖವೂ ಸಣ್ಣದಾಗಿತ್ತು.

ಏಳು ಟಿಕೆಟ್‌ನವರೂ ಅಲ್ಲೇ ಇದ್ದೆವು. ಮೂವರು ನಾವು. ಕುಂದಗೋಳದ ಕಡೆಯಿಂದ ಬೈಕಿನ ಮೇಲೆ ಬಂದಿದ್ದ ಗಂಡ-ಹೆಂಡತಿ, ಅವರ ಜೊತೆ ನಾಲ್ಕೈದು ವರ್ಷದ ಒಂದು ಗಂಡುಮಗು. ಇನ್ನೊಬ್ಬ ಕಾಲೇಜು ಹುಡುಗ, ಒಬ್ಬನೇ, ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ಬಂದವನು. ಇದೇ ಚಿತ್ರಕ್ಕೆ ಎರಡನೇ ಸಲ ವಾಪಸ್ ಹೋಗ್ತಿದೀನಿ ಅಂದ. ಅಣ್ಣನ ಮಗಳು ಲಾಬಿಯಲ್ಲಿ ನಿಲ್ಲಿಸಿದ್ದ ರಟ್ಟಿನ ದೊಡ್ಡ ಚಿತ್ರದ ಮುಂದೆ ಹೋಗಿ ನಿಂತಳು. ಅಳಲಿಲ್ಲ. ಆ ರಟ್ಟಿನ ಪ್ರಾಣಿಯ ಪಾದದ ಮೇಲೆ ಕೈಯಿಟ್ಟು, “ಅತ್ತಿ, ಏಳು ಮಂದಿ ಅಂದ್ರ ಜನ ಅಲ್ಲೇನು?” ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಯನ್ನು ಹಾಗೆಯೇ ತಮಗೆ ದಾಟಿಸುತ್ತಿದ್ದೇನೆ. ಗುರುವಾರಕ್ಕೆ ಆ ಚಿತ್ರ ಊರಿನಿಂದಲೇ ಹೋಯಿತು.

ಜನ ಬರುವುದಿಲ್ಲ ಎನ್ನುವ ಮಾತಿಗೆ ಉತ್ತರ ಕೊಡುವ ಮೊದಲು, ಈ ಚಿತ್ರಗಳು ನಮ್ಮಂಥವರ ಮನೆಗೆ ಹೇಗೆ ಬಂದವು ಎಂಬುದನ್ನು ಹೇಳಬೇಕು. ಯಾರು ಬರಲು ಕಾಯುತ್ತಿದ್ದಾರೆ ಎಂಬುದು ಅದರಿಂದ ನಿಮಗೆ ತಿಳಿದೀತು.

ಗದಗ ಮುದ್ರಣಕ್ಕೆ ಹೆಸರಾದ ಊರು. ಅಪ್ಪ ಅಲ್ಲಿಯ ಒಂದು ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಜೋಡಿಸುವ ಕಂಪಾಜಿಟರ್ ಆಗಿದ್ದ. ಪುಸ್ತಕ ಹೊಲಿದ ಮೇಲೆ ಅಂಚು ಕತ್ತರಿಸುತ್ತಾರಲ್ಲ, ಆಗ ಎರಡು ಬೆರಳಗಲದ ಬಿಳಿ ಕಾಗದದ ಪಟ್ಟಿಗಳು ರಾಶಿ ಬೀಳುತ್ತವೆ. ಅವನ್ನು ಸಂಜೆ ಕೈಚೀಲದಲ್ಲಿ ತರುತ್ತಿದ್ದ. ಒಂದು ಸಲ ಮೂವತ್ತಾರು ಪಟ್ಟಿ ಎಣಿಸಿ, ಸಮ ಮಾಡಿ, ಒಂದು ತುದಿಗೆ ದಬ್ಬಣದಿಂದ ತೂತು ಹಾಕಿ, ಬೈಂಡಿಂಗ್ ದಾರದಲ್ಲಿ ಹೊಲಿದ. ಪ್ರತಿ ಪಟ್ಟಿಯ ಇನ್ನೊಂದು ತುದಿಯಲ್ಲಿ ನೀಲಿ ಪೆನ್ಸಿಲಿನಿಂದ ಒಂದು ಜಿಂಕೆ ಬರೆದ. ಮೊದಲ ಪಟ್ಟಿಯಲ್ಲಿ ಅದು ನಿಂತಿದೆ, ಎರಡನೆಯದರಲ್ಲಿ ಮುಂಗಾಲು ಒಂದಿಷ್ಟು ಮೇಲೆ, ಮೂರನೆಯದರಲ್ಲಿ ಇನ್ನೊಂದಿಷ್ಟು. ಬರೆದು ಮುಗಿಸಲು ಎರಡು ಸಂಜೆ ಹಿಡಿಯಿತು. ಹೆಬ್ಬೆರಳಿನಿಂದ ಸರ್ರನೆ ಬಿಟ್ಟಾಗ ಜಿಂಕೆ ಓಡಿತು! ನಡುವೆ ಒಂದು ಕಡೆ ಎಡವಿತು. ಅಪ್ಪ ಮತ್ತೆ ಮತ್ತೆ ಬಿಟ್ಟು ನೋಡಿ, ಸೀಸದ ಕಪ್ಪು ಹಿಡಿದ ಉಗುರಿನಿಂದ ಹದಿನೇಳನೇ ಪಟ್ಟಿಯನ್ನು ಎತ್ತಿ ತೋರಿಸಿದ. ಅದೊಂದರಲ್ಲಿ ಹಿಂಗಾಲು ಅದಲು ಬದಲಾಗಿತ್ತು. ಅದನ್ನು ಅಳಿಸಿ ತಿದ್ದಿದ ಮೇಲೆ ಜಿಂಕೆ ಎಲ್ಲೂ ಎಡವದೆ ಪಟ್ಟಿಯ ಅಂಚಿನವರೆಗೂ ಹಾರಿಹೋಯಿತು.

ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟು ಓಡುತ್ತವೆ, ಕೈಯಿಂದ ಬರೆದ ಚಿತ್ರಗಳಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಹಿಡಿಸಿ 12 ಚಿತ್ರದಲ್ಲಿ ಒಂದು ಸೆಕೆಂಡ್ ದಾಟಿಸುತ್ತಾರೆ ಎಂಬುದೆಲ್ಲ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ತಿಳಿದ ದಿನ ಲೆಕ್ಕ ಹಾಕಿದೆ: ಅಪ್ಪನ ಎರಡು ಸಂಜೆಯ ದುಡಿಮೆ ಪರದೆಯ ಮೇಲೆ ಮೂರು ಸೆಕೆಂಡ್. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ‘ಕಾರ್ಟೂನ್’ ಎಂದು ನೀವು ಹತ್ತು ಗಂಟೆಯ ಆಟಕ್ಕೆ ತಳ್ಳುವ ಒಂದೂವರೆ ತಾಸಿನ ಚಿತ್ರದ ಹಿಂದೆ ಎಷ್ಟು ಜನರ ಎಷ್ಟು ವರ್ಷದ ಸಂಜೆಗಳಿವೆ ಎಂಬುದು ಆ ನೀಲಿ ಜಿಂಕೆಯನ್ನು ನೋಡಿದವರಿಗೆ ಗೊತ್ತು.

ಇನ್ನು ಕ್ಯಾಸೆಟ್ಟಿನ ಕಾಲ. ತೊಂಬತ್ತರ ದಶಕದ ಮೊದಲ ವರ್ಷಗಳು. ಬೇಸಿಗೆ ರಜೆಯಲ್ಲಿ ಓಣಿಯವರೆಲ್ಲ ವಂತಿಗೆ ಹಾಕಿ ವಿಸಿಪಿ ಬಾಡಿಗೆಗೆ ತರುತ್ತಿದ್ದರು. ರಾತ್ರಿಯಿಡೀ ರಾಜಕುಮಾರ್ ಸಿನಿಮಾ ನಡೆದು, ಮುಂಜಾನೆ ಯಂತ್ರ ಮರಳಿಸುವ ಮೊದಲು ಹುಡುಗರಿಗೆ ಅಂತ ಒಂದು ಕ್ಯಾಸೆಟ್. ಹಾಗೆ ನಾನು ನೋಡಿದ ಮೊದಲ ಅನಿಮೇಷನ್ ಚಿತ್ರ 1967ರ ‘ದಿ ಜಂಗಲ್ ಬುಕ್’. ವಾಲ್ಟ್ ಡಿಸ್ನಿ ತಾನೇ ನಿಂತು ನೋಡಿಕೊಂಡ ಕೊನೆಯ ಚಿತ್ರಗಳಲ್ಲೊಂದು ಅದು, 1966ರ ಡಿಸೆಂಬರಿನಲ್ಲಿ ಆತ ತೀರಿಕೊಂಡಾಗ ಇನ್ನೂ ತೆರೆಗೆ ಬಂದಿರಲಿಲ್ಲ. ನಮ್ಮ ಓಣಿಗೆ ಬಂದದ್ದು ಇಂಗ್ಲಿಷಿನಲ್ಲಿ. ಓಣಿಯಲ್ಲಿ ಇಂಗ್ಲಿಷ್ ಬರುತ್ತಿದ್ದವಳು ಮ್ಯಾಟ್ರಿಕ್ ಪಾಸಾದ ನಮ್ಮ ಕಾಕು ಒಬ್ಬಳೇ. ಆಕೆಗಾದರೂ ಎಷ್ಟು ತಿಳಿಯುತ್ತಿತ್ತೋ. ಟಿವಿಯ ಪಕ್ಕಕ್ಕೆ ಮಣೆ ಹಾಕಿಕೊಂಡು ಕೂತು ಎಲ್ಲ ಪಾತ್ರಗಳಿಗೂ ತಾನೇ ಮಾತು ಕೊಟ್ಟಳು. ಕರಡಿಗೆ ಹಿತ್ತಲಲ್ಲಿ ಬೆನ್ನು ತಿಕ್ಕಿಕೊಳ್ಳುವ ಸೋಮಾರಿ ಮಾವನ ದನಿ, ಕರಿ ಚಿರತೆಗೆ ನಮ್ಮ ಹೆಡ್ ಮಾಸ್ತರ ದನಿ, ಹೆಬ್ಬಾವಿಗೆ ಮಾತ್ರ ಆಕೆ ಪಿಸುಗುಡುತ್ತಿದ್ದಳು. “ನಿದ್ದಿ ಮಾಡಪಾ ತಮ್ಮಾ, ಕಣ್ಣು ಮುಚ್ಚು” ಅಂತ ಆಕೆ ಅಂದಾಗ ನಾವೆಲ್ಲ ಒಬ್ಬರಿಗೊಬ್ಬರು ಅಂಟಿಕೊಂಡು ಕೂತೆವು.

ಕೊನೆಯ ದೃಶ್ಯ ತಮಗೆ ನೆನಪಿರಬಹುದು. ಊರಿನ ಹುಡುಗಿ ಹೊಳೆಗೆ ಬಂದು ಕೊಡ ತುಂಬಿಕೊಳ್ಳುತ್ತಾಳೆ, ಮೋಗ್ಲಿ ಅವಳ ಹಿಂದೆ ಊರಿನ ಕಡೆ ನಡೆದುಬಿಡುತ್ತಾನೆ. ಗದಗ-ಬೆಟಗೇರಿಯ ನೀರಿನ ಪಾಡು ಬಲ್ಲವರಿಗೆ ಹೇಳಬೇಕಿಲ್ಲ, ನಮ್ಮಲ್ಲಿ ನಳ ಬಂದ ದಿನವೇ ಹಬ್ಬ. ಅವ್ವ ಅಷ್ಟು ಹೊತ್ತೂ ಬಾಗಿಲಿಗೆ ಒರಗಿ ನಿಂತಿದ್ದವಳು ಆ ಕೊಡ ನೋಡಿ ಒಳಗೆ ಬಂದು ಕೂತಳು. “ಪಾಪ, ಅವರ ಊರಾಗೂ ನೀರು ಹೊತ್ತs ತರಬೇಕು ನೋಡು” ಅಂದಳು. ಮಕ್ಕಳ ಸಿನಿಮಾ ಎಂದು ದೂರ ನಿಂತಿದ್ದ ಆಕೆಗೆ ಅದು ತನ್ನದೂ ಆಗಿದ್ದು ಆಗ. ಕಾಕು ಕನ್ನಡದಲ್ಲಿ ಹೇಳದೇ ಹೋಗಿದ್ದರೆ ಅವ್ವ ಬಾಗಿಲಲ್ಲಿ ನಿಲ್ಲುತ್ತಲೂ ಇರಲಿಲ್ಲ.

ಮುಂದೆ ‘ದಿ ಲಯನ್ ಕಿಂಗ್’ ಬಂತು. 1994ರ ಚಿತ್ರ, ನಮಗೆ ಸಿಕ್ಕಿದ್ದು ಒಂದೆರಡು ವರ್ಷ ತಡವಾಗಿ, ಉಜ್ಜಿ ಉಜ್ಜಿ ಗೆರೆ ಬಿದ್ದ ಕ್ಯಾಸೆಟ್ಟಿನಲ್ಲಿ. ಕಣಿವೆಯಲ್ಲಿ ಸತ್ತು ಬಿದ್ದ ತಂದೆಯ ತೋಳಿನ ಕೆಳಗೆ ಮರಿಸಿಂಹ ನುಸುಳಿ ಮಲಗುತ್ತದಲ್ಲ, ಅಷ್ಟಕ್ಕೆ ಅಪ್ಪ ಎದ್ದು ಹೊರಗೆ ಹೋದ. ನೀರಿಗೆ ಹೋಗಿರಬೇಕೆಂದುಕೊಂಡೆವು. ಚಿತ್ರ ಮುಗಿದ ಮೇಲೆ ನೋಡಿದರೆ ಕಟ್ಟೆಯ ಮೇಲೆ ಕತ್ತಲಲ್ಲಿ ಕೂತಿದ್ದ. ಅಪ್ಪನಿಗೆ ಒಂಬತ್ತು ವರ್ಷವಿದ್ದಾಗ ಅಜ್ಜ ತೀರಿಕೊಂಡಿದ್ದು, ಗಾಡಿಯಿಂದ ಇಳಿಸಿದ ದೇಹದ ಪಕ್ಕ ಅಪ್ಪ ಮಲಗಿದ್ದನ್ನು ಎಬ್ಬಿಸಲು ಕಷ್ಟಪಟ್ಟಿದ್ದು, ಇದನ್ನೆಲ್ಲ ಅವ್ವ ನನಗೆ ಹೇಳಿದ್ದು ಅಂದು ರಾತ್ರಿ. ನನ್ನ ಅಪ್ಪನನ್ನು ನಾನು ಮೊದಲ ಬಾರಿಗೆ ಒಬ್ಬ ಹುಡುಗನಂತೆ ಕಂಡದ್ದು ಆ ಚಿತ್ರದಿಂದ. ಇಂಥದ್ದನ್ನು ಮಕ್ಕಳ ಪಿಕ್ಚರ್ ಎಂದು ಕರೆದು ಬದಿಗಿಡಲು ನನಗೆ ಈ ಜನ್ಮದಲ್ಲಿ ಸಾಧ್ಯವಿಲ್ಲ. ಅದಕ್ಕೂ ಮೊದಲೇ ‘ಬ್ಯೂಟಿ ಅಂಡ್ ದಿ ಬೀಸ್ಟ್’ ಆಸ್ಕರ್‌ನ ಅತ್ಯುತ್ತಮ ಚಿತ್ರದ ಪಟ್ಟಿಯಲ್ಲೇ ನಾಮನಿರ್ದೇಶನ ಪಡೆದಿತ್ತು, ದೊಡ್ಡವರ ಸಿನಿಮಾಗಳ ಸಾಲಿನಲ್ಲಿ ಕೂತ ಮೊದಲ ಅನಿಮೇಷನ್ ಚಿತ್ರವದು. ಆದರೆ ನನಗೆ ಆಸ್ಕರ್‌ಗಿಂತ ದೊಡ್ಡ ಸಾಕ್ಷಿ ಆ ಕಟ್ಟೆ.

ಅಪ್ಪ ಈಗಿಲ್ಲ. ಆತ ಹೋದ ಮರುವರ್ಷ ಮಹಾಲಯ ಅಮಾವಾಸ್ಯೆಗೆ ಗದಗಿಗೆ ಹೋಗಿದ್ದೆ. ಎಡೆ ಇಟ್ಟು, ಊಟ ಮುಗಿದು, ಮಧ್ಯಾಹ್ನ ಅವ್ವನಿಗೆ ಲ್ಯಾಪ್‌ಟಾಪಿನಲ್ಲಿ ‘ಕೋಕೋ’ ಹಾಕಿದೆ. 2017ರ ಚಿತ್ರ, ಮೆಕ್ಸಿಕೋದವರ ಹಿರಿಯರ ಹಬ್ಬದ ಕತೆ. ಅಲ್ಲಿಯೂ ತೀರಿಹೋದವರ ಫೋಟೋ ಇಟ್ಟು, ಅವರಿಗೆ ಇಷ್ಟವಾದದ್ದನ್ನು ಬಡಿಸಿ ಕಾಯುತ್ತಾರೆ. ಸತ್ತವರು ಆ ಒಂದು ರಾತ್ರಿ ಚೆಂಡುಹೂವಿನ ಎಸಳಿನ ಸೇತುವೆ ದಾಟಿ ಮನೆಗೆ ಬರುತ್ತಾರೆ. ಯಾರ ಫೋಟೋ ಇಟ್ಟಿಲ್ಲವೋ ಅವರಿಗೆ ದಾಟಲು ಬಿಡುವುದಿಲ್ಲ. ಈ ಸಲ ಕಾಕುವಿನ ಜಾಗದಲ್ಲಿ ನಾನು ಕೂತಿದ್ದೆ. ಎರಡು ಮಾತಿಗೊಮ್ಮೆ ನಿಲ್ಲಿಸಿ ಗದಗಿನ ಕನ್ನಡದಲ್ಲಿ ಹೇಳುತ್ತಾ ಹೋದೆ. ಸೇತುವೆ ಬಂದಾಗ ಅವ್ವ ಕೈ ಅಡ್ಡ ಹಿಡಿದು ನಿಲ್ಲಿಸಿದಳು. “ಅವರಿಗೂ ಚೆಂಡು ಹೂವs ಏನು?” ಅಂದಳು. ಎದ್ದು ಹೋಗಿ, ಕ್ಯಾಲೆಂಡರಿನ ಹಿಂದೆ ಅರ್ಧ ಮುಚ್ಚಿದ್ದ ಅಪ್ಪನ ಫೋಟೋವನ್ನು ಸೆರಗಿನಿಂದ ಒರೆಸಿ, ಬೇರೆ ಮೊಳೆಗೆ ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿ ಬಂದಳು. “ಈಗ ಹಚ್ಚು” ಅಂದಳು.

ಮಾನ್ಯರೇ, ಲ್ಯಾಪ್‌ಟಾಪ್ ಆದ್ದರಿಂದ ನಿಲ್ಲಿಸಿ ನಿಲ್ಲಿಸಿ ಹೇಳಿದೆ. ನಿಮ್ಮ ಪರದೆಯನ್ನು ನಿಲ್ಲಿಸಲಾಗದು. ಅವ್ವನಿಗೆ ಇಂಗ್ಲಿಷ್ ಬಾರದು, ಹಿಂದಿ ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು ಬರುತ್ತದೆ. ಅಂದು ಜೂನಿನಲ್ಲಿ ಆಟ ನಡೆದಿದ್ದರೂ ಅದು ಹಿಂದಿಯ ಆಟ. ಮೊಮ್ಮಗಳ ಪಕ್ಕ ಸುಮ್ಮನೆ ಕೂತು ಬಣ್ಣ ನೋಡಿಕೊಂಡು ಬರಲು ಆಕೆ ಸಿದ್ಧಳಾಗಿ ಬಂದಿದ್ದಳು. ಎಪ್ಪತ್ತು ದಾಟಿದ ಒಬ್ಬ ಕನ್ನಡತಿ ತನ್ನ ಜಿಲ್ಲೆಯ ಪಕ್ಕದ ಊರಿನಲ್ಲಿ ರೊಕ್ಕ ಕೊಟ್ಟು ಇಷ್ಟಕ್ಕೇ ಒಪ್ಪಿಕೊಳ್ಳಬೇಕಾಗಿದ್ದು ನನಗೆ ಸಂಕಟದ ವಿಷಯ.

ಡಬ್ಬಿಂಗ್ ಎಂದ ಕೂಡಲೇ ಹಳೆಯ ಜಗಳ ನೆನಪಾಗುತ್ತದೆ, ಗೊತ್ತು. ಅರವತ್ತರ ದಶಕದಲ್ಲಿ ಹಿರಿಯರು ಡಬ್ಬಿಂಗ್ ಬೇಡವೆಂದು ಚಳವಳಿ ಮಾಡಿದಾಗ ಅದಕ್ಕೆ ಕಾರಣವಿತ್ತು. ಕನ್ನಡ ಚಿತ್ರೋದ್ಯಮ ಆಗ ಎಳೆಯದು, ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ. ಆ ಹೋರಾಟದ ಬಗ್ಗೆ ನನಗೆ ಗೌರವವಿದೆ. ಆದರೆ ಅನಿಮೇಷನ್ ಚಿತ್ರದ ಮಾತೇ ಬೇರೆ. ಕರಡಿಗಾಗಲಿ ಸಿಂಹಕ್ಕಾಗಲಿ ತನ್ನದೆಂಬ ದನಿ ಇಲ್ಲ. ಇಂಗ್ಲಿಷಿನಲ್ಲೂ ಯಾರೋ ಒಬ್ಬರು ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಂತು ಕೊಟ್ಟ ದನಿಯೇ ಅದು. ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲು ದನಿ ಹಿಡಿದು ಆಮೇಲೆ ಚಿತ್ರ ಬರೆಯುತ್ತಾರೆ, ಜಪಾನಿನಲ್ಲಿ ಹೆಚ್ಚಾಗಿ ಚಿತ್ರವಾದ ಮೇಲೆ ದನಿ. ಎರಡು ಕಡೆಯೂ ದನಿ ಹೊರಗಿನಿಂದ ಬಂದದ್ದೇ. ನಮ್ಮ ಕಾಕು ಮಣೆಯ ಮೇಲೆ ಕೂತು ಮಾಡಿದ್ದೂ ಅದನ್ನೇ. ಕನ್ನಡದಲ್ಲಿ ದನಿ ಕೊಟ್ಟರೆ ಯಾವ ಕನ್ನಡ ನಟನ ಅನ್ನವೂ ಹೋಗುವುದಿಲ್ಲ, ನಾಲ್ಕು ಜನಕ್ಕೆ ಹೊಸದಾಗಿ ಕೆಲಸ ಸಿಗುತ್ತದೆ.

ಕಾನೂನಿನ ಅಡ್ಡಿಯೂ ಉಳಿದಿಲ್ಲ. ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಆದೇಶ ಕೊಟ್ಟಿದೆ. ಅದಕ್ಕೂ ಮುಂಚೆ, 2009ರಲ್ಲಿ ಚಿಂಟು ಟಿವಿ ಶುರುವಾದಾಗಿನಿಂದ ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುವ ಕಾರ್ಟೂನುಗಳನ್ನು ನೋಡಿ ಬೆಳೆದಿದ್ದಾರೆ. ದೊಡ್ಡ ಪರದೆಗೆ ಬಂದಾಗ ಮಾತ್ರ ಕನ್ನಡ ಕೈಬಿಟ್ಟು ಹೋಗುತ್ತದೆ. 2019ರ ಹೊಸ ‘ಲಯನ್ ಕಿಂಗ್’ ಇಂಗ್ಲಿಷಿನ ಜೊತೆಗೆ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಜಪಾನಿನ ಯುಗೋ ಸಾಕೋ ಮತ್ತು ನಮ್ಮ ರಾಮ್ ಮೋಹನ್ ಸೇರಿ ತೊಂಬತ್ತರ ದಶಕದ ಆರಂಭದಲ್ಲಿ ಮಾಡಿದ ರಾಮಾಯಣದ ಅನಿಮೇಷನ್ ಚಿತ್ರ 2025ರ ಜನವರಿಯಲ್ಲಿ ದೇಶದ ಚಿತ್ರಮಂದಿರಗಳಿಗೆ ಮತ್ತೆ ಬಂದಾಗಲೂ ಅವೇ ಭಾಷೆಗಳು. ಕಿಷ್ಕಿಂಧೆ ಎಂದು ನಾವೆಲ್ಲ ನಂಬುವ ಆನೆಗೊಂದಿ ಇರುವುದು ಕರ್ನಾಟಕದಲ್ಲಿ, ಗದಗಿನಿಂದ ಎರಡೂವರೆ ತಾಸಿನ ಹಾದಿ. ಅಲ್ಲಿಯ ವಾನರರು ತೆರೆಯ ಮೇಲೆ ಕನ್ನಡ ಬಿಟ್ಟು ಉಳಿದದ್ದೆಲ್ಲ ಮಾತಾಡಿದರು. ಇನ್ನೂ ಒಂದು ಹೇಳುತ್ತೇನೆ, ಇದು ನನ್ನನ್ನು ಬಹಳ ಕಾಡಿದ್ದು. ನಾವೆಲ್ಲ ಸಾಲಿಯಲ್ಲಿ ಕಣ್ಣೀರು ಹಾಕಿಕೊಂಡು ಕಲಿತ ಗೋವಿನ ಹಾಡಿನ ಪುಣ್ಯಕೋಟಿ 2020ರಲ್ಲಿ ಅನಿಮೇಷನ್ ಚಿತ್ರವಾದಾಗ ಅದು ಸಂಸ್ಕೃತದಲ್ಲಿತ್ತು. ಮಾಡಿದವರ ಶ್ರಮಕ್ಕೆ, ಪ್ರೀತಿಗೆ ಕೈಮುಗಿಯುತ್ತೇನೆ, ಅದು ಅವರ ಆಯ್ಕೆ. ಆದರೂ ಆ ಹಸು ತೆರೆಯ ಮೇಲೆ ತನ್ನ ಕರುವಿನ ಹತ್ತಿರ ಕನ್ನಡದಲ್ಲಿ ಮಾತಾಡುವುದನ್ನು ಕೇಳುವ ಆಸೆ ನನ್ನಲ್ಲಿ ಹಾಗೇ ಉಳಿದಿದೆ.

ಈಗ ‘ಜನ ಬರೂದಿಲ್ಲ’ ಎಂಬ ಮಾತಿಗೆ ಬರುತ್ತೇನೆ. 2025ರ ಜುಲೈ ಕೊನೆಯಲ್ಲಿ ‘ಮಹಾವತಾರ್ ನರಸಿಂಹ’ ಬಂತು. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಪೂರ್ತಿ ಅನಿಮೇಷನ್ ಚಿತ್ರ. ಕನ್ನಡದಲ್ಲೂ ಬಂತು. ಇದೇ ಹುಬ್ಬಳ್ಳಿಯಲ್ಲಿ ಎರಡನೇ ವಾರದ ಭಾನುವಾರ ಸಂಜೆಯ ಆಟಕ್ಕೆ ನಾನು ಹೋದಾಗ ಸಿಕ್ಕಿದ್ದು ಮುಂದಿನ ಸಾಲಿನ ಮೂಲೆಯ ಸೀಟು. ಪಕ್ಕದಲ್ಲಿ ಒಂದೇ ಮನೆಯ ಒಂಬತ್ತು ಜನ, ಕೈಗೂಸಿನಿಂದ ಹಿಡಿದು ಊರುಗೋಲು ಹಿಡಿದ ಅಜ್ಜನವರೆಗೆ. ಕಂಬ ಒಡೆಯುವ ಹೊತ್ತಿಗೆ ಆ ಅಜ್ಜ ಎದ್ದು ನಿಂತು ಕೈಮುಗಿದರು. ಹಿಂದಿನವರು ಯಾರೂ ಕೂಡ್ರಿ ಅನ್ನಲಿಲ್ಲ. ಭಾರತದ ಅನಿಮೇಷನ್ ಚಿತ್ರಗಳಲ್ಲೇ ಅತಿ ಹೆಚ್ಚು ಗಳಿಸಿದ ಚಿತ್ರವಾಯಿತು ಅದು. ಆಗ ನೀವು ಆಟ ಹೆಚ್ಚಿಸಿದಿರಿ, ಸಂಜೆ ಕೊಟ್ಟಿರಿ, ರಾತ್ರಿಯೂ ಕೊಟ್ಟಿರಿ.

ಅದು ದೇವರ ಕತೆ, ಅದಕ್ಕೇ ಜನ ಬಂದರು ಎನ್ನುತ್ತೀರಿ. ಒಪ್ಪುತ್ತೇನೆ, ಭಕ್ತಿಯ ಸೆಳೆತ ಇದ್ದೇ ಇತ್ತು. ಆದರೆ ಭಕ್ತಿಯೊಂದೇ ಸಾಕಾಗಿದ್ದರೆ ಜನವರಿಯಲ್ಲಿ ಬಂದ ಆ ರಾಮನಿಗೂ ಅದೇ ಜನ ಬರಬೇಕಿತ್ತಲ್ಲ? ಒಂದು ಕನ್ನಡದಲ್ಲಿ ಬಂತು, ಮನೆಮಂದಿ ಬರಬಹುದಾದ ಹೊತ್ತಿಗೆ ಬಂತು, ಕನ್ನಡದಲ್ಲೇ ಪೋಸ್ಟರ್ ಅಂಟಿಸಿಕೊಂಡು ಬಂತು. ಇನ್ನೊಂದಕ್ಕೆ ಇದ್ಯಾವುದೂ ಸಿಗಲಿಲ್ಲ. ಅಜ್ಜಿಗೆ ತಿಳಿಯದ ಭಾಷೆಯಲ್ಲಿ, ಮೊಮ್ಮಗಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಆಟ ಇಟ್ಟು, ಅವರಿಬ್ಬರೂ ಬರಲಿಲ್ಲವೆಂದು ಲೆಕ್ಕ ಬರೆದುಕೊಂಡರೆ ಆ ಲೆಕ್ಕ ನ್ಯಾಯದ್ದಲ್ಲ.

ನಿಮ್ಮ ಕಷ್ಟವೂ ನನಗೆ ಕಾಣುತ್ತದೆ. ಕರೆಂಟು, ಸಿಬ್ಬಂದಿ, ಪ್ರೊಜೆಕ್ಟರಿನ ಖರ್ಚು ಏಳು ಟಿಕೆಟ್ಟಿನಲ್ಲಿ ಹುಟ್ಟುವುದಿಲ್ಲ. ಹುಬ್ಬಳ್ಳಿಯಲ್ಲೂ ಧಾರವಾಡದಲ್ಲೂ ನಾವು ಕಂಡ ಎಷ್ಟು ಚಿತ್ರಮಂದಿರಗಳು ಬಾಗಿಲು ಹಾಕಿದವು, ಗೋದಾಮು, ಕಲ್ಯಾಣ ಮಂಟಪ ಆದವು. ಉಳಿದವರು ನೀವು. ನಿಮಗೆ ನಷ್ಟವಾಗಲಿ ಎಂದು ಯಾವ ಪ್ರೇಕ್ಷಕಳೂ ಬಯಸುವುದಿಲ್ಲ. ಆದ್ದರಿಂದ ಆಗುವಂಥದ್ದನ್ನೇ ಕೇಳುತ್ತೇನೆ.

ಮೊದಲನೆಯದಾಗಿ, ಅನಿಮೇಷನ್ ಚಿತ್ರ ಬಂದಾಗ ದಿನಕ್ಕೊಂದೇ ಆಟ ಕೊಡುವುದಾದರೂ ಸರಿ, ಅದನ್ನು ಶನಿವಾರ, ಭಾನುವಾರ ಮಧ್ಯಾಹ್ನ ಮೂರರಿಂದ ಆರರ ನಡುವೆ ಕೊಡಿ. ವಾರದ ದಿನಗಳಲ್ಲಿ ಕೊಡದಿದ್ದರೂ ನಡೆಯುತ್ತದೆ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆ, ದಸರಾ ರಜೆ, ಈ ಎರಡು ಕಾಲದಲ್ಲಿ ಮಾತ್ರ ದಿನವೂ ಇರಲಿ. ಆ ಸಮಯ ನಮ್ಮ ಕಡೆಯ ಹಳ್ಳಿಗಳಿಂದ ಮಕ್ಕಳು ಹುಬ್ಬಳ್ಳಿಯ ಸೋದರತ್ತೆ, ಮಾವಂದಿರ ಮನೆಗೆ ಬಂದಿರುತ್ತಾರೆ. ನೃಪತುಂಗ ಬೆಟ್ಟ, ಉಣಕಲ್ ಕೆರೆ, ಗ್ಲಾಸ್ ಹೌಸ್ ತೋರಿಸಿ ಮುಗಿದ ಮೇಲೆ ಅವರನ್ನು ಎಲ್ಲಿಗೆ ಕರೆದೊಯ್ಯುವುದು ಎಂಬುದೇ ಪ್ರತಿ ಮನೆಯ ಪ್ರಶ್ನೆ.

ಆಟ ರದ್ದು ಮಾಡಲೇಬೇಕಾದರೆ ಹಿಂದಿನ ರಾತ್ರಿಯೇ ತಿಳಿಸಿ. ನಮ್ಮ ಫೋನ್ ನಂಬರ್ ಟಿಕೆಟ್‌ನಲ್ಲೇ ಇರುತ್ತದೆ. ಕುಂದಗೋಳದಿಂದ ಬೈಕಿನಲ್ಲಿ ಬಂದ ಆ ದಂಪತಿ ಬಿಸಿಲಲ್ಲಿ ಮಗುವನ್ನು ನಡುವೆ ಕೂರಿಸಿಕೊಂಡು ವಾಪಸ್ ಹೋದದ್ದನ್ನು ನಾನು ಪಾರ್ಕಿಂಗ್‌ನಲ್ಲಿ ನಿಂತು ನೋಡಿದೆ. ರೊಕ್ಕ ಮರಳಿ ಬರುತ್ತದೆ, ಅವರ ಆ ಭಾನುವಾರ ಬರುವುದಿಲ್ಲ.

ಹಂಚಿಕೆದಾರರಲ್ಲಿ ಒಂದು ಮಾತು. ಕನ್ನಡದ ಅವತರಣಿಕೆ ಇರುವ ಚಿತ್ರವಾದರೆ ಅದನ್ನು ಬೆಂಗಳೂರಿಗೆ ನಿಲ್ಲಿಸಬೇಡಿ, ಇಲ್ಲಿಗೂ ಕಳಿಸಿ. ಇಲ್ಲದಿದ್ದರೆ ಮಾಡಿಸುವಂತೆ ಮೇಲಿನವರನ್ನು ಕೇಳಿ. ದನಿಗಳು ಎಲ್ಲಿ ಸಿಗುತ್ತವೆ ಎಂದರೆ ನಮ್ಮ ನೆಲದಲ್ಲೇ ಸಿಗುತ್ತವೆ. 1950ರಿಂದ ಮಾತಾಡುತ್ತಿರುವ ಆಕಾಶವಾಣಿ ಧಾರವಾಡದಲ್ಲಿದೆ. ರಂಗಾಯಣ ಧಾರವಾಡದಲ್ಲಿದೆ. ಗರುಡ ಸದಾಶಿವರಾಯರು ಕಂಪನಿ ಕಟ್ಟಿ ನಾಟಕ ಆಡಿಸಿದ ಗದಗ ನಮ್ಮದು. ಒಂದು ಕರಡಿ, ಒಂದು ಮುದಿ ಆಮೆ, ಒಂದು ಹಟಮಾರಿ ಮೀನು ಹುಬ್ಬಳ್ಳಿಯ ಕನ್ನಡದಲ್ಲಿ ಮಾತಾಡಿದರೆ ಹೇಗಿರುತ್ತದೆಂದು ಒಮ್ಮೆ ಕೇಳಿಸಿ ನೋಡಿ. ಪುಸ್ತಕದಿಂದ ಎತ್ತಿದ ಒಣ ಕನ್ನಡ ಬೇಡ. ದಿನಕ್ಕೆ ಹತ್ತು ತಾಸು ಕನ್ನಡ ಟೈಪ್ ಮಾಡುವವಳಾಗಿ ಹೇಳುತ್ತೇನೆ, ಮಕ್ಕಳು ಒಣ ಮಾತನ್ನು ಎರಡೇ ನಿಮಿಷದಲ್ಲಿ ಗುರುತಿಸುತ್ತಾರೆ.

ಕೊನೆಯದು, ಒಂಟಿ ಪರದೆಯ ಚಿತ್ರಮಂದಿರಗಳವರಿಗೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಒಂದು ಹಳೆಯ ಅನಿಮೇಷನ್ ಚಿತ್ರವನ್ನು ಮನೆಮಂದಿಗೆಲ್ಲ ಹಿಡಿಸುವ ದರದಲ್ಲಿ ತೋರಿಸಬಹುದೇ? ನಾಡಿನ ಮಕ್ಕಳಿಗಾಗಿ ಸರ್ಕಾರ ಸ್ಥಾಪಿಸಿದ ಬಾಲವಿಕಾಸ ಅಕಾಡೆಮಿ ಇರುವುದು ನಮ್ಮ ಧಾರವಾಡದಲ್ಲೇ. ಅವರೊಡನೆ ಕೂತು ಮಾತಾಡಿದರೆ ಸರ್ಕಾರಿ ಶಾಲೆಯ ಮಕ್ಕಳನ್ನೂ ಕರೆತರುವ ದಾರಿ ಸಿಕ್ಕೀತು. ಕರಪತ್ರ, ಪೋಸ್ಟರುಗಳ ಅಕ್ಷರ ಜೋಡಣೆಯನ್ನು ನಾನು ಮಾಡಿಕೊಡುತ್ತೇನೆ, ಮಜೂರಿ ಬೇಡ. ನನ್ನಂಥ ಇನ್ನೂ ನಾಲ್ಕು ಅಂಗಡಿಯವರನ್ನು ಒಪ್ಪಿಸುವ ಜವಾಬ್ದಾರಿಯೂ ನನ್ನದೇ.

ಅಣ್ಣನ ಮಗಳು ಆ ಭಾನುವಾರ ಮನೆಗೆ ಬಂದ ಮೇಲೆ ನನ್ನ ಅಂಗಡಿಯ ಕಟಿಂಗ್ ಮಷೀನಿನ ಕೆಳಗಿನಿಂದ ಕಾಗದದ ಪಟ್ಟಿ ಆರಿಸಿಕೊಂಡಳು. ಈಗ ಇಪ್ಪತ್ತೆರಡು ಪಟ್ಟಿ ಆಗಿವೆ. ನೋಡಲಾಗದೇ ಹೋದ ಆ ಪ್ರಾಣಿಯನ್ನು ರಟ್ಟಿನ ಚಿತ್ರದ ನೆನಪಿನಿಂದಲೇ ಬರೆಯುತ್ತಿದ್ದಾಳೆ. ಅದು ಇನ್ನೂ ಒಂದು ಹೆಜ್ಜೆಯನ್ನಷ್ಟೇ ಎತ್ತಿದೆ. ಅವ್ವ ಗದಗಿನಿಂದ ಫೋನ್ ಮಾಡಿದಾಗಲೆಲ್ಲ, ಮತ್ತೆ ಯಾವಾಗ ಹಾಕ್ತಾರಂತ ಎಂದು ಕೇಳುತ್ತಾಳೆ. ಮುಂದಿನ ಅನಿಮೇಷನ್ ಚಿತ್ರ ಬಂದಾಗ ನಮ್ಮ ಮನೆಯ ಮೂರು ಟಿಕೆಟ್ ಮೊದಲ ದಿನವೇ ಬುಕ್ ಆಗಿರುತ್ತವೆ. ಆಟ ಸಂಜೆ ನಾಲ್ಕಕ್ಕೆ ಇರಲಿ, ಕನ್ನಡದಲ್ಲಿ ಇರಲಿ. ತಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಏಳು ಟಿಕೆಟ್‌ನವರಲ್ಲಿ ಒಬ್ಬಳು,
ಹುಬ್ಬಳ್ಳಿ